ಕರಕಿ ಸಾಕಿದ ಮನುಷ್ಯ, ನಮ್ಮ ಸಜ್ಜಿ ಚೀಲ



ಕರಕಿ ಅಂದ್ರೆ ಏನು ಅಂತ ನಮ್ಮ ತುರ್ವಿಹಾಳ, ಮಸ್ಕಿ, ಲಿಂಗಸುಗೂರು ಕಡೆ ಯಾರಿಗೂ ಹೇಳಿಕೊಡೋದು ಬೇಕಿಲ್ಲ. ಗಣಪ್ಪಗ ಏರಿಸೋಕೆ ಒಂದು ಹಿಡಿ ಸಾಕು, ಉಳಿದದ್ದೆಲ್ಲ ಹೊಲದ ಶನಿ. ಎರಿ ಹೊಲದಾಗ ಒಮ್ಮೆ ಹೊಕ್ಕಿತು ಅಂದ್ರೆ ಕುಂಟಿ ಹೊಡೆದಷ್ಟೂ ಹರಡುತ್ತದೆ, ಯಾಕಂದ್ರೆ ತುಂಡಾದ ಒಂದೊಂದು ಗೆಣ್ಣೂ ಒಂದೊಂದು ಗಿಡ. ಹಿಂದೆ ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆದು, ಬೇರು ಮೇಲೆ ಹಾಕಿ ಬಿಸಿಲಿಗೆ ಒಣಗಿಸಿ, ಆರಿಸಿ ಸುಡುತ್ತಿದ್ದರು. ಹೊಲದ ಮೂಲ್ಯಾಗ ಕರಕಿ ಜಾಸ್ತಿ ಇದ್ರೆ ಗುದ್ದಲಿ ಹಿಡಿದು ಮೊಳ ಆಳ ಅಗಿಯೋರು. ಈಗ ಕಳೆ ಎಣ್ಣಿ ಹೊಡಿತೀವಿ. ಒಣಗಿದ್ದು ಮತ್ತೊಂದು ಮಳಿಗೆ ಚಿಗುರುತ್ತದೆ.

ಇದೇ ಕರಕಿಗೆ ದಿನಾ ಬೆಳಿಗ್ಗೆ ನೀರು ಬಿಟ್ಟು, ಗೊಬ್ಬರ ಹಾಕಿ, ರೋಗ ಬಂದ್ರೆ ಔಷಧ ಹೊಡೆದು ಮಗುವಿನಂಗ ಸಾಕುವವರು ಅದಾರ. ಗಾಲ್ಫ್ ಮೈದಾನದ ಹುಲ್ಲು ಕಾಯುವವರು. ನನ್ನ ತಂಗಿ ಮಗ ಬೆಂಗಳೂರಿಗೆ ದುಡಿಯಾಕ ಹೋದವನು ಅಂಥ ಒಂದು ಮೈದಾನದಾಗ ಕೆಲಸಕ್ಕ ಸೇರಿ, ಫೋನ್ ಮಾಡಿ "ಮಾವ, ಇಲ್ಲಿ ಕರಕಿ ಬೆಳಿಸಾಕ ಪಗಾರ ಕೊಡ್ತಾರ" ಅಂತ ನಕ್ಕ. ನಗೋ ಮಾತೇ. ಆದರೆ ಆ ಹುಲ್ಲಿನ ಹಿಂದೆ ಹೋದಾಗ ನನಗೆ ಸಿಕ್ಕದ್ದು ನಮ್ಮ ಸಜ್ಜಿ ಬೀಜದ ಕಥೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಐತಿ, ಓದ್ರಿ.

ಗಾಲ್ಫ್ ಆಟ ಹುಟ್ಟಿದ್ದು ಸ್ಕಾಟ್ಲೆಂಡ್ ದೇಶದ ಸಮುದ್ರದ ದಂಡಿಯ ಮರಳು ಗುಡ್ಡೆಗಳ ಮೇಲೆ. ಅಲ್ಲಿ ಮೊದಲು ಹುಲ್ಲು ಕತ್ತರಿಸುತ್ತಿದ್ದವರು ಯಾರೂ ಅಲ್ಲ, ಕುರಿಗಳು. ಮೊಲಗಳೂ ಅಷ್ಟಿಷ್ಟು ಮೇಯುತ್ತಿದ್ದವು. ಕುರಿ ಮೇಯದ ಜಾಗದಾಗ ಕುಡುಗೋಲು. ಹುಲ್ಲು ಕತ್ತರಿಸುವ ಯಂತ್ರ ಬಂದದ್ದು 1830ರಲ್ಲಿ, ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬವನಿಂದ. ಉಣ್ಣೆ ಬಟ್ಟೆಯ ಮೇಲೆ ಎದ್ದ ನೂಲಿನ ಜುಂಜು ಕತ್ತರಿಸುವ ಗಿರಣಿ ಯಂತ್ರ ನೋಡಿ, ಇದನ್ನೇ ನೆಲದ ಮೇಲೆ ಉರುಳಿಸಿದರೆ ಹೆಂಗೆ ಅಂತ ಯೋಚಿಸಿದ. ಕುರಿ ಮೇಯುತ್ತಿದ್ದ ಹುಲ್ಲನ್ನ ಕಡೆಗೆ ಕುರಿ ಉಣ್ಣೆಯ ಯಂತ್ರವೇ ಕತ್ತರಿಸಿತು ನೋಡ್ರಿ.

ಆಮೇಲೆ ಓಲ್ಡ್ ಟಾಮ್ ಮಾರಿಸ್ ಎಂಬ ಆಟಗಾರ. 1821ರಲ್ಲಿ ಹುಟ್ಟಿದ ಇವನು ಸೇಂಟ್ ಆಂಡ್ರೂಸ್ ಊರಿನ ಮೈದಾನದ ಹುಲ್ಲು ಕಾಯುವ ಕೆಲಸ ನಲವತ್ತು ವರ್ಷದ ಹತ್ತಿರ ಮಾಡಿದ. ಒಮ್ಮೆ ಮರಳಿನ ಕೈಗಾಡಿ ಹುಲ್ಲಿನ ಮೇಲೆ ಚೆಲ್ಲಿತಂತೆ, ಚೆಲ್ಲಿದ ಜಾಗದಲ್ಲೇ ಹುಲ್ಲು ದಟ್ಟ ಎದ್ದಿತಂತೆ. ನಿಜವೋ ಕಟ್ಟಿದ ಕಥೆಯೋ, ಅಂದಿನಿಂದ ಹುಲ್ಲಿಗೆ ತೆಳುವಾಗಿ ಮರಳು ಹರಡೋದು ಆ ಕಸಬಿನ ಮುಖ್ಯ ಕೆಲಸ ಆಯಿತು. ಇವತ್ತಿಗೂ ಅದೇ.

ಬ್ರಿಟಿಷರು ಎಲ್ಲಿ ಹೋದರೂ ಈ ಆಟ ಹೊತ್ತುಕೊಂಡು ಹೋದರು. 1829ರಲ್ಲಿ ಕಲ್ಕತ್ತಾದಲ್ಲಿ ಕ್ಲಬ್ ಮಾಡಿದರು. 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಆಯಿತು. ಕೋಲಾರದ ಚಿನ್ನದ ಗಣಿಯಲ್ಲೂ ಸಾಹೇಬರಿಗೆ ಒಂದು ಮೈದಾನ. ಆದರೆ ನಮ್ಮ ಬಿಸಿಲಿಗೆ ಸ್ಕಾಟ್ಲೆಂಡಿನ ಹುಲ್ಲು ಎಲ್ಲಿ ನಿಲ್ಲಬೇಕು? ಚೆಂಡು ಕುಣಿಗೆ ಬೀಳಿಸೋ ಜಾಗಕ್ಕೆ ಅವರು 'ಗ್ರೀನ್' ಅಂತಾರೆ. ನೀರಿಲ್ಲದ ಕಡೆ ಆ ಜಾಗಕ್ಕೆ ಹುಲ್ಲೇ ಬೇಡ ಅಂತ ಮರಳಿಗೆ ಎಣ್ಣೆ ಬೆರೆಸಿ, ಮಟ್ಟಸ ಎಳೆದು ಆಡುತ್ತಿದ್ದರು. ಅದಕ್ಕೆ 'ಬ್ರೌನ್' ಅಂತ ಹೆಸರು. ಒಬ್ಬರು ಆಡಿ ಹೋದ ಮೇಲೆ ಒಬ್ಬ ಆಳು ಹಿಂದಿನಿಂದ ಹಲಗೆ ಎಳೆದು ಹೆಜ್ಜೆ ಗುರುತು ಅಳಿಸಬೇಕು. ನಾವು ಭತ್ತದ ಗದ್ದೆಗೆ ಹಲಗೆ ಹೊಡೆದಂಗೆ, ಇದು ಒಣ ನೆಲದ ಹಲಗೆ ಅಷ್ಟೇ.

ಬೆಂಗಳೂರಿನಲ್ಲಿ ಇನ್ನೊಂದು ದೊಡ್ಡ ಮೈದಾನ ದೊಮ್ಮಲೂರು ಹತ್ತಿರ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ದು. ಅದರ ನಕ್ಷೆ ಮಾಡಿದವನು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್, ಬ್ರಿಟಿಷ್ ಓಪನ್ ಐದು ಸಲ ಗೆದ್ದವನು. ಆ ಜಾಗ ಯಾವುದು ಗೊತ್ತೇನು? ಚಲ್ಲಘಟ್ಟ ಕೆರೆ ಅಂಗಳ. ಒಂದು ಕಾಲಕ್ಕೆ ನೀರು ನಿಂತು ಬೆಳ್ಳಂದೂರು ಕಡೆ ಹರಿಯುತ್ತಿದ್ದ ಕೆರೆ. ಕೆರೆ ಹೋಗಿ ಹುಲ್ಲು ಬಂತು. ನಾವು ಕೆರೆ ಅಂಗಳದ ಗೋಡು ತಂದು ಮಸಾರಿ ಹೊಲಕ್ಕೆ ಹೇರಿದವರು. ಕೆರೆ ಅಂಗಳದ ಮೇಲೆ ಆಟ ಆಡೋದು ನಮ್ಮ ಲೆಕ್ಕಕ್ಕೆ ಸಿಗೋದಿಲ್ಲ. ಹೋಗಲಿ, ಅದು ಬೇರೆ ಜಗಳ.

ಕೆಲಸದ ವಿಷಯಕ್ಕೆ ಬರ್ತೀನಿ. ಹುಡುಗ ಹೇಳಿದ್ದು ಕೇಳಿ ನನಗೆ ಅವರ ಮೇಲೆ ಗೌರವ ಬಂತು. ಗ್ರೀನ್ ಮೇಲಿನ ಹುಲ್ಲಿನ ಎತ್ತರ ಮೂರು ನಾಲ್ಕು ಮಿಲಿಮೀಟರ್. ಅಂದ್ರೆ ಎರಡು ಸಜ್ಜಿ ಕಾಳು ಒಂದರ ಮೇಲೊಂದು ಇಟ್ಟಷ್ಟೂ ಇಲ್ಲ. ಬೆಳಕು ಹರಿಯೋ ಮುಂಚೆ ಇಬ್ಬನಿ ಉದುರಿಸಿ, ಆಟಗಾರರು ಬರೋದರೊಳಗೆ ಕತ್ತರಿಸಿ ಮುಗಿಸಬೇಕು. ಕುಣಿಯ ಜಾಗ ಬದಲಿಸ್ತಾ ಇರಬೇಕು, ಇಲ್ಲದಿದ್ದರೆ ಒಂದೇ ಕಡೆ ತುಳಿದು ನೆಲ ಗಟ್ಟಿ ಆಗ್ತದ. ಬೇಸಿಗೆಯಲ್ಲಿ ಕರಕಿಗೆ ಜೋರು ಬರುತ್ತದೆ, ಅವಾಗ ಟೊಳ್ಳು ಮೊಳೆ ಇರೋ ಯಂತ್ರ ತಂದು ಬೆರಳು ಗಾತ್ರದ ಮಣ್ಣಿನ ಉಂಡೆ ಸಾವಿರಗಟ್ಟಲೆ ಕಿತ್ತು, ಆ ತೂತಿಗೆ ಮರಳು ತುಂಬುತ್ತಾರೆ. ಬೇರಿಗೆ ಗಾಳಿ, ನೀರಿಗೆ ದಾರಿ. ಹತ್ತು ದಿನ ಮೈದಾನ ಸಿಡುಬು ಬಂದಂಗೆ ಕಾಣುತ್ತದೆ, ಆಟಗಾರರು ಬೈತಾರೆ, ಮೂರು ವಾರಕ್ಕೆ ಮುಚ್ಚಿಕೊಳ್ಳುತ್ತದೆ. ಮಳೆಗಾಲಕ್ಕೆ ಕತ್ತರಿ ಜಾಸ್ತಿ, ಬೂಸ್ಟು ರೋಗದ ಕಾವಲು, ಕಾಲುವೆ ಕಸ ತೆಗೆಯೋದು. ಚಳಿಗೆ ಹುಲ್ಲು ಮಂಕಾಗುತ್ತದೆ, ಆಗ ಕತ್ತರಿ ಸ್ವಲ್ಪ ಎತ್ತರಿಸಿ, ಸಾರಜನಕ ಕಡಿಮೆ ಮಾಡುತ್ತಾರೆ. ಗೊಬ್ಬರ ಚೀಲದ ಲೆಕ್ಕ ಅಲ್ಲ, ಚಮಚದ ಲೆಕ್ಕ. ನಮ್ಮ ಭತ್ತಕ್ಕೆ ಯೂರಿಯಾ ಎರಚೋ ಕೈ ನೋಡಿದರೆ ಅವರು ಎದೆ ಒಡೆದುಕೊಂಡಾರು.

ನೆಲದ ಕೆಳಗಿನ ಕೆಲಸ ಇನ್ನೂ ದೊಡ್ಡದು. ಅಮೆರಿಕದ ಗಾಲ್ಫ್ ಸಂಘ 1960ರಲ್ಲಿ ಒಂದು ಪದ್ಧತಿ ಪ್ರಕಟ ಮಾಡಿತು. ತಳದಲ್ಲಿ ನೀರು ಹೊರಗೆ ಹಾಕೋ ಪೈಪು, ಅದರ ಮೇಲೆ ಜಲ್ಲಿ, ಅದರ ಮೇಲೆ ಒಂದಡಿ ಮರಳು ಮಿಶ್ರಣ, ಮೇಲೆ ಹುಲ್ಲು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ನಮ್ಮ ಸಿಂಧನೂರು ಸೀಮೆಯಾಗ ಎಷ್ಟು ಎರಿ ಹೊಲ ಸವಳು ಜವಳು ಆದವು ನಿಮಗೆ ಗೊತ್ತು. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದವರು ನೆಲದೊಳಗೆ ತೂತಿನ ಪೈಪು ಹಾಕಿ ಉಪ್ಪುನೀರು ಬಸಿಯೋದನ್ನ ಮಾಡಿ ತೋರಿಸಿದ್ದು ಇದೇ ಉಪಾಯ. ಆಟದ ನೆಲಕ್ಕೆ ಅದು ಮೊದಲೇ ಹಾಕ್ತಾರೆ. ಅನ್ನದ ನೆಲಕ್ಕೆ ಕೆಟ್ಟ ಮೇಲೆ ಹಾಕ್ತೀವಿ, ಅದೂ ಹಾಕಿದರೆ.

ಈಗ ಹುಲ್ಲಿನ ಮೂಲಕ್ಕೆ ಬರೋಣ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಟಿಫ್ಟನ್ ಅಂತ ಊರು. ಹತ್ತಿ ಸೀಮೆ. ಅಲ್ಲಿಯ ಹತ್ತಿ ರೈತರಿಗೂ ಕರಕಿ ಅಂದ್ರೆ ನಮ್ಮಂಗೇ ಕೋಪ. 1936ರಲ್ಲಿ ಗ್ಲೆನ್ ಬರ್ಟನ್ ಎಂಬ ಇಪ್ಪತ್ತಾರು ವರ್ಷದ ವಿಜ್ಞಾನಿ ಅಲ್ಲಿನ ಕೇಂದ್ರಕ್ಕೆ ಕೆಲಸಕ್ಕೆ ಬಂದ. ದನದ ಮೇವಿಗೆ ಒಳ್ಳೆ ಹುಲ್ಲು ಮಾಡೋದು ಅವನ ಕೆಲಸ. ಮಂದಿ ಬೈಯೋ ಕರಕಿಯನ್ನೇ ಹಿಡಿದ. ಒಂದು ಹಳೆ ಹತ್ತಿ ಹೊಲದಲ್ಲಿ ಸಿಕ್ಕಿದ್ದ ಜೋರು ಕರಕಿಯನ್ನ ದಕ್ಷಿಣ ಆಫ್ರಿಕಾದಿಂದ ಬಂದ ಕರಕಿಗೆ ಕೂಡಿಸಿ, 1943ರಲ್ಲಿ 'ಕೋಸ್ಟಲ್' ಅನ್ನೋ ಮೇವಿನ ತಳಿ ಕೊಟ್ಟ.

ಆಮೇಲೆ ಗಾಲ್ಫ್‌ನವರು ಅವನ ಬಾಗಿಲಿಗೆ ಬಂದರು. ನಾರ್ತ್ ಕ್ಯಾರೊಲಿನಾದ ಶಾರ್ಲೆಟ್ ಊರಿನ ಒಂದು ಕ್ಲಬ್‌ನ ನಾಲ್ಕನೇ ಗ್ರೀನ್ ಮೇಲೆ ಒಂದು ಕರಕಿ ಬೇರೆಲ್ಲದಕ್ಕಿಂತ ಚೆಂದ ಇತ್ತು. ಆ ಗಿಡವನ್ನ ಬರ್ಟನ್ ಆಫ್ರಿಕಾದ ಸಣ್ಣ ಎಲೆಯ ಕರಕಿಗೆ ಕೂಡಿಸಿದ. ನಮ್ಮ ಕರಕಿಗೆ ವರ್ಣತಂತು 36, ಆಫ್ರಿಕಾದ್ದಕ್ಕೆ 18, ಹುಟ್ಟಿದ ಮರಿಗೆ 27. ಕುದುರೆ ಕತ್ತೆ ಕೂಡಿ ಹೇಸರಗತ್ತೆ ಆದಂಗೆ, ಇದು ಬೀಜ ಕಟ್ಟೋದಿಲ್ಲ. ಕಬ್ಬಿನ ತುಂಡು ನೆಟ್ಟಂಗೆ ಗೆಣ್ಣು ನೆಟ್ಟೇ ಬೆಳೆಸಬೇಕು. 1956ರಲ್ಲಿ 'ಟಿಫ್‌ಗ್ರೀನ್' ಅಂತ ಬಿಟ್ಟರು. ಈ ಟಿಫ್‌ಗ್ರೀನ್ ಬೆಳೆದ ಗ್ರೀನ್‌ಗಳ ನಡುವೆ ಅಲ್ಲಲ್ಲಿ ಇನ್ನೂ ಗಿಡ್ಡನೆಯ ತೇಪೆಗಳು ಕಂಡವು. ಅದನ್ನ ಆರಿಸಿ 1965ರಲ್ಲಿ 'ಟಿಫ್‌ಡ್ವಾರ್ಫ್' ಮಾಡಿದರು. ನಮ್ಮ ದೇಶದ ಎಷ್ಟೋ ಗ್ರೀನ್‌ಗಳ ಮೇಲೆ ಇರೋದು ಇದೇ. ದಿನಾ ಬಗ್ಗಿ ನೋಡೋ ಕಣ್ಣಿಗೆ ಮಾತ್ರ ಆ ಗಿಡ್ಡ ತೇಪೆ ಬಿದ್ದೀತು. ನಮ್ಮ ಹಿರಿಯರು ರಾಶಿ ಮಾಡೋ ಮುಂಚೆ ಹೊಲ ಅಡ್ಡಾಡಿ ಬೀಜದ ತೆನಿ ಆರಿಸಿದಂಗೆ.

ಅದೇ 1965ನೇ ವರ್ಷ ನಮ್ಮ ಕಡೆಗೂ ಬಂದೀತು ಬರ್ಟನ್‌ನ ಕೈ. ಅವನ ಇನ್ನೊಂದು ಬೆಳೆ ಸಜ್ಜಿ. ಅಮೆರಿಕದಲ್ಲಿ ಸಜ್ಜಿ ಮಂದಿ ತಿನ್ನೋದಿಲ್ಲ, ದನಕ್ಕೆ ಮೇವು. ಸಜ್ಜಿಯಲ್ಲಿ ಹೈಬ್ರಿಡ್ ಬೀಜ ಮಾಡೋಕೆ ಒಂದು ಕಷ್ಟ ಐತಿ, ಹೂ ಸಣ್ಣವು, ಕೈಯಿಂದ ಗಂಡು ಭಾಗ ಕಿತ್ತು ಎಕರೆಗಟ್ಟಲೆ ಬೀಜ ಮಾಡೋಕೆ ಆಗೋದಿಲ್ಲ. ಬರ್ಟನ್ ಪರಾಗವೇ ಬಿಡದ ಒಂದು ಹೆಣ್ಣು ತಳಿ ಹುಡುಕಿದ, ಹೆಸರು 'ಟಿಫ್ಟ್ 23ಎ'. ಅದನ್ನ ಮುಚ್ಚಿಟ್ಟುಕೊಳ್ಳದೆ ಭಾರತದ ವಿಜ್ಞಾನಿಗಳಿಗೆ ಕೊಟ್ಟ. ಪಂಜಾಬಿನ ಲುಧಿಯಾನಾದಲ್ಲಿ ದಿಲ್‌ಬಾಗ್ ಸಿಂಗ್ ಅಠ್ವಾಲ್ ಅದಕ್ಕೆ ನಮ್ಮ ಗಂಡು ತಳಿ ಕೂಡಿಸಿ 'ಎಚ್‌ಬಿ-1' ಮಾಡಿದರು. ದೇಶದ ಮೊದಲ ಹೈಬ್ರಿಡ್ ಸಜ್ಜಿ. 1965ರ ಸುಮಾರಿಗೆ 35 ಲಕ್ಷ ಟನ್ ಇದ್ದ ದೇಶದ ಸಜ್ಜಿ, 1970ರಲ್ಲಿ 80 ಲಕ್ಷ ಟನ್ ಮುಟ್ಟಿತು. ಒಳ್ಳೆ ಮಳೆಯ ಪಾಲೂ ಅದರಾಗ ಐತಿ, ಆದರೆ ಬೀಜದ ಪಾಲು ಸಣ್ಣದಲ್ಲ. ಸಜ್ಜಿ ರೊಟ್ಟಿ ತಿಂದು ಬೆಳೆದ ನಮ್ಮಂಥವರು ಬರ್ಟನ್ ಹೆಸರು ಕೇಳಿಲ್ಲ, ಗಾಲ್ಫ್‌ನವರು ಕೇಳ್ಯಾರ.

ಆಮೇಲೆ ಏನಾಯ್ತು ಅನ್ನೋದೇ ಮುಖ್ಯ. ಎಚ್‌ಬಿ-1 ಆದ ಮೇಲೆ ಎಚ್‌ಬಿ-2, 3, 4, 5 ಅಂತ ಬಂದವು. ಹೆಸರು ಬೇರೆ, ಅಪ್ಪ ಬೇರೆ, ತಾಯಿ ಮಾತ್ರ ಒಬ್ಬಳೇ, ಟಿಫ್ಟ್ 23ಎ. ಜಾರ್ಜಿಯಾದಲ್ಲಿ ಹುಟ್ಟಿದ ಆ ತಾಯಿಗೆ ನಮ್ಮ ಕೇದಿಗೆ ರೋಗದ ಪರಿಚಯ ಇರಲಿಲ್ಲ. ತೆನಿ ಕಟ್ಟೋ ಜಾಗದಾಗ ಕಾಳಿನ ಬದಲು ಹಸಿರು ಎಲೆ ಗುಚ್ಛ ಏಳುತ್ತದಲ್ಲ, ಅದೇ ರೋಗ. ಹಳೆ ಜವಾರಿ ಸಜ್ಜಿಯಲ್ಲೂ ಅಲ್ಲೊಂದು ಇಲ್ಲೊಂದು ಇರುತ್ತಿತ್ತು, ಯಾಕಂದ್ರೆ ಜವಾರಿ ಹೊಲದಾಗ ಒಂದು ಗಿಡ ಇದ್ದಂಗೆ ಇನ್ನೊಂದು ಇರೋದಿಲ್ಲ. ಒಬ್ಬಳೇ ತಾಯಿಯ ಹೊಲದಾಗ ಒಂದು ಗಿಡಕ್ಕೆ ಬಂದದ್ದು ಎಲ್ಲಕ್ಕೂ ಬಂತು. 1970ರ ದಶಕದ ಮೊದಲಿಗೇ ದೇಶದ ಸಜ್ಜಿ ಸೀಮೆಗಳಲ್ಲಿ ಕೇದಿಗೆ ಹಬ್ಬಿತು, ಬರವೂ ಕೂಡಿತು, ಫಸಲು ಕುಸಿಯಿತು.

ತಪ್ಪು ಪರಾಗ ಬಿಡದ ಆ ಗುಣದ್ದಲ್ಲ, ಆ ಒಂದು ತಳಿಯೊಳಗೇ ರೋಗ ತಡೆಯೋ ಶಕ್ತಿ ಇರಲಿಲ್ಲ ಅಂತ ಆಮೇಲೆ ವಿಜ್ಞಾನಿಗಳು ತೋರಿಸಿದರು. ಬರ್ಟನ್‌ನನ್ನೂ ಬೈಯೋ ಹಂಗಿಲ್ಲ. ಅವನು ಒಂದು ತಾಯಿ ಕೊಟ್ಟ, ಹತ್ತು ತಾಯಿ ಹುಡುಕೋ ಕೆಲಸ ಇಲ್ಲಿ ತಡ ಆಯಿತು. 1972ರಲ್ಲಿ ಹೈದರಾಬಾದ್ ಹತ್ತಿರ ಪಟಾನ್‌ಚೆರುದಲ್ಲಿ ಇಕ್ರಿಸ್ಯಾಟ್ ಬಂತು. ಅವರು ಮಾಡಿದ 'ಡಬ್ಲ್ಯುಸಿ-ಸಿ75' 1982ರಲ್ಲಿ ಬಿಡುಗಡೆ ಆಯಿತು. ಅದು ಹೈಬ್ರಿಡ್ ಅಲ್ಲ, ಹಲವು ಸಾಲು ಕೂಡಿಸಿದ ತಳಿ, ಕೇದಿಗೆ ಅದನ್ನ ವರ್ಷಗಟ್ಟಲೆ ಮುರಿಯಲಿಲ್ಲ. ಅದರ ತೆನಿ ಆರಿಸಿ ಮರುವರ್ಷಕ್ಕೆ ಬೀಜ ಇಟ್ಟುಕೊಳ್ಳಬಹುದಿತ್ತು. ಹೈಬ್ರಿಡ್‌ನಲ್ಲಿ ಅದು ನಡೆಯೋದಿಲ್ಲ ಅಂತ ಗೊತ್ತಿದ್ದೇ ಐತಿ, ಇಟ್ಟ ಬೀಜ ಮುಂದಿನ ವರ್ಷ ಒಂದೊಂದು ಎತ್ತರ.

ಗಾಲ್ಫ್ ಹುಲ್ಲಿನದೂ ಇದೇ ಲೆಕ್ಕ. ಟಿಫ್‌ಡ್ವಾರ್ಫ್ ಎಲ್ಲಿದ್ದರೂ ಅದು ಒಂದೇ ಗಿಡದ ಗೆಣ್ಣು. ಅದಕ್ಕೇ ಅವರು ದಿನಾ ಬಗ್ಗಿ ನೋಡ್ತಾರೆ, ಕಾಸಿನಗಲ ಕಲೆ ಕಂಡರೆ ಅಂದೇ ಔಷಧ. ಅವರಿಗೆ ಅಷ್ಟು ಆಳು, ಅಷ್ಟು ದುಡ್ಡು ಐತಿ. ಮಳಿ ನಂಬಿ ನಾಲ್ಕು ಎಕರೆ ಸಜ್ಜಿ ಹಾಕಿದವನಿಗೆ ಅದು ಇಲ್ಲ.

ಈ ಮುಂಗಾರಿಗೆ ಸಜ್ಜಿ ಹಾಕೋರಿಗೆ ಒಂದು ಕೆಲಸ ಹೇಳ್ತೀನಿ. ಚೀಲದ ಮೇಲಿನ ತಳಿ ಹೆಸರು, ಎಷ್ಟು ಎಕರೆ, ಎರಿಯೋ ಮಸಾರಿಯೋ, ಇಷ್ಟು ಬರೆದಿಡ್ರಿ. ಬೀಜ ಬಿದ್ದ ಮೂವತ್ತು ದಿನಕ್ಕೆ ಬೆಳಿಗ್ಗೆ ಹೊಲಕ್ಕೆ ಹೋಗಿ ಎಲೆ ತಿರುವಿ ಅಡಿಯಲ್ಲಿ ಬಿಳಿ ಬೂಸ್ಟು ಐತೇನು ನೋಡ್ರಿ, ಇದ್ದರೆ ಆ ಗಿಡ ಕಿತ್ತು ಹೊಲದ ಹೊರಗೆ ಸುಡ್ರಿ. ತುರ್ವಿಹಾಳಕ್ಕ ಬಂದಾಗ ನನಗೂ ಹೇಳ್ರಿ. ಹತ್ತೂರಿನ ಹೆಸರು ಕೂಡಿದರೆ ನಮ್ಮ ಸೀಮೆಯಾಗ ಈ ವರ್ಷ ಎಷ್ಟು ತಳಿ ಅದಾವ, ಇಲ್ಲಾ ಎಲ್ಲಾ ಹೊಲದಾಗೂ ಒಂದೇ ಚೀಲ ಐತೇನು ಅನ್ನೋದು ಗೊತ್ತಾಗ್ತದ.