ಕುರುವಪುರಕ್ಕೆ ಹರಿಗೋಲು

ತೆಲಂಗಾಣದ ಶಾಂತಿನಗರದಲ್ಲಿ ನೆಲೆಸಿದ ನನ್ನಂಥ ಕನ್ನಡ ಮಾಸ್ತರನನ್ನು ಕಂಡವರು ಮೊದಲು ಕೇಳುವುದು, "ಈ ತೆಲುಗು ಸೀಮೆಗೆ ಹೆಂಗ ಬಂದ್ರಿ?" ಎಂದು. ನಾವು ಬಂದಿದ್ದಕ್ಕಿಂತ ಗಡಿ ಬಂದಿದ್ದೇ ಹೆಚ್ಚು. ಗದ್ವಾಲ, ಅಲಂಪುರ ತಾಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಆ ಗಡಿಯ ಕಥೆ ಸರಿಯಾಗಿ ತಿಳಿಯಬೇಕಾದರೆ ಮಕ್ತಲ್ ದಾಟಿ ಪಂಚದೇವಪಹಾಡಕ್ಕೆ ಹೋಗಬೇಕು, ಅಲ್ಲಿಂದ ಹರಿಗೋಲು ಹತ್ತಿ ಕೃಷ್ಣೆಯ ನಡುವಿನ ಕುರುವಪುರಕ್ಕೆ ಇಳಿಯಬೇಕು.

ಕುರುವಪುರವನ್ನು ಸುತ್ತಲಿನ ಜನ ಕುರುವಗಡ್ಡೆ ಎಂದೂ ಕರೆಯುತ್ತಾರೆ. ದತ್ತಾತ್ರೇಯನ ಅವತಾರವೆಂದು ನಂಬಲಾದ ಶ್ರೀಪಾದ ಶ್ರೀವಲ್ಲಭರು ತಪಸ್ಸು ಮಾಡಿದ ಕ್ಷೇತ್ರವಿದು. ಅವರು ಹುಟ್ಟಿದ್ದು ಆಂಧ್ರದ ಪೀಠಾಪುರದಲ್ಲಿ, ನೆಲೆನಿಂತಿದ್ದು ಈ ನಡುಗಡ್ಡೆಯಲ್ಲಿ. ಅವರ ಚರಿತ್ರೆ ಉಳಿದಿರುವುದು ಸರಸ್ವತಿ ಗಂಗಾಧರನ ಮರಾಠಿ 'ಗುರುಚರಿತ್ರೆ'ಯಲ್ಲಿ. ಆತ ಕಲಬುರಗಿ ಜಿಲ್ಲೆಯ ಕಡಗಂಚಿಯವನು, ಮನೆಮಾತು ಕನ್ನಡ ಎಂಬುದು ಪರಂಪರೆಯ ಮಾತು. ಹೀಗೆ ಒಂದು ತುಂಡು ನೆಲಕ್ಕೆ ಮೂರು ಭಾಷೆಗಳ ಋಣವಿದೆ.

ಆ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಗುರುಗಳ ಬಟ್ಟೆ ಒಗೆಯುತ್ತಿದ್ದ ಅಗಸನೊಬ್ಬನ ಕಥೆ ಬರುತ್ತದೆ. ವೈಶಾಖದ ಒಂದು ದಿನ ರಾಜನೊಬ್ಬ ರಾಣಿಯರೊಂದಿಗೆ ಸಿಂಗರಿಸಿದ ದೋಣಿಯಲ್ಲಿ ಕುಳಿತು ಜಲವಿಹಾರ ಹೊರಟಿದ್ದಾನೆ. ಎರಡೂ ದಂಡೆಗಳಲ್ಲಿ ಆನೆ, ಕುದುರೆ, ಸೇವಕರು. ಅಗಸ ಕೈಕೆಲಸ ಮರೆತು ನೋಡುತ್ತ ನಿಂತುಬಿಡುತ್ತಾನೆ. ಅವನ ಆಸೆಯನ್ನು ಅರಿತ ಗುರುಗಳು ಮುಂದಿನ ಜನ್ಮದಲ್ಲಿ ರಾಜನಾಗು ಎಂದು ಹರಸುತ್ತಾರೆ. ಅವನೇ ಬೀದರಿನಲ್ಲಿ ಅರಸನಾಗಿ ಹುಟ್ಟಿದನಂತೆ. ಭಕ್ತರಿಗೆ ಇದು ಮಹಿಮೆಯ ಕಥೆ. ನನ್ನ ಕಣ್ಣು ಹೋಗುವುದು ಮಾತ್ರ ಆ ದೋಣಿಯ ಕಡೆಗೆ. ಅರಸನ ದೋಣಿಗೆ ಅಧ್ಯಾಯ ಸಿಕ್ಕಿತು. ಅಗಸನನ್ನೂ ಅವನ ನೆರೆಯವರನ್ನೂ ದಿನಾ ದಾಟಿಸುತ್ತಿದ್ದ ಅಂಬಿಗನಿಗೆ ಒಂದು ಸಾಲೂ ಸಿಗಲಿಲ್ಲ.

ಅಂಬಿಗನ ದೋಣಿ ಹೇಗಿತ್ತೆಂದು ಹೊರಗಿನವರು ಬರೆದಿಟ್ಟಿದ್ದಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ದೊಮಿಂಗೊ ಪಾಯೆಸ್, ತುಂಗಭದ್ರೆ ದಾಟುವ ದೋಣಿಗಳು ಬುಟ್ಟಿಯ ಹಾಗೆ ದುಂಡಗಿದ್ದವು, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಮಂದಿಯನ್ನು ಹೊರುತ್ತಿದ್ದವು ಎನ್ನುತ್ತಾನೆ. ಅವು ನೆಟ್ಟಗೆ ಹೋಗದೆ ಗಿರಗಿರನೆ ತಿರುಗುವುದನ್ನೂ ಗಮನಿಸಿದ್ದಾನೆ. ಅದೇ 1520ರಲ್ಲಿ ರಾಯಚೂರಿಗಾಗಿ ಕೃಷ್ಣದೇವರಾಯನ ಮೇಲೆ ಕೃಷ್ಣೆ ದಾಟಿ ಬಂದ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಸೈನ್ಯ ಸೋತು ಓಡಿತು. ಮರಳಿ ಹೊಳೆ ದಾಟುವಾಗ ಸತ್ತವರು ಬಹಳ. ಕೃಷ್ಣೆಯ ಕಡೆ ಬಂದ ಯಾವ ದಂಡಿಗೂ ದಾಟುವುದೇ ದೊಡ್ಡ ಚಿಂತೆಯಾಗಿತ್ತು.

ಪಾಯೆಸ್ ಕಂಡ ಆ ಬುಟ್ಟಿದೋಣಿಯೇ ನಮ್ಮ ಹರಿಗೋಲು. ಚರ್ಮ ಹೋಗಿ ಡಾಂಬರು ಬಳಿದ ಚೀಲ ಬಂತು, ಈಗ ಫೈಬರ್ ಕೂಡ ಬಂದಿದೆ. ಆಕಾರ ಮಾತ್ರ ಬದಲಾಗಿಲ್ಲ. ಅಡಿಯಲ್ಲಿ ಬಂಡೆ, ಮೇಲೆ ಸುಳಿ ಇರುವ ಈ ಹೊಳೆಗೆ ಚೂಪು ಮೂತಿಯ ದೋಣಿಗಿಂತ ದುಂಡನೆಯದೇ ಲೇಸು: ಅದಕ್ಕೆ ಮೊಣಕಾಲುದ್ದ ನೀರು ಸಾಕು, ಬಂಡೆಗೆ ತಾಗಿದರೆ ಜಾರಿ ತಿರುಗುತ್ತದೆ. ಅಂಬಿಗ ಎದುರು ದಂಡೆಗೆ ನೇರವಾಗಿ ಹುಟ್ಟು ಹಾಕುವುದಿಲ್ಲ. ಮೊದಲು ದಂಡೆಗುಂಟ ಮೇಲಕ್ಕೆ ಒಯ್ಯುತ್ತಾನೆ, ಆಮೇಲೆ ಸೆಳವಿಗೆ ಬಿಟ್ಟು ಓರೆಯಾಗಿ ಇಳಿಯುತ್ತಾನೆ. ನಡುಗಡ್ಡೆ ಮುಟ್ಟುತ್ತಲೇ ಹಾರಿ ಇಳಿದು ಅಂಚು ಹಿಡಿದು ಎಳೆಯುತ್ತಾನೆ. ರಾತ್ರಿಯಾದರೆ ಲಂಗರು ಹಾಕಿ ನೀರಲ್ಲಿ ಬಿಡುವ ಮಾತೇ ಇಲ್ಲ. ದಂಡೆಗೆ ಎಳೆದು ಬೋರಲು ಹಾಕುತ್ತಾರೆ. ಕಾರಣ ಕೇಳಿದಾಗ ಒಬ್ಬ ಮುದುಕ ಹೇಳಿದ: "ಕಲ್ಲು ಕಟ್ಟಿ ಬಿಟ್ರ ನಿಲ್ತದ್ರೀ ಮಾಸ್ತರ. ಆದ್ರ ರಾತ್ರಿ ಮ್ಯಾಲಿಂದ ನೀರು ಬಿಟ್ರ ಕಲ್ಲೂ ಇಲ್ಲ, ತೆಪ್ಪಾನೂ ಇಲ್ಲ." ಮೇಲೆ ನಾರಾಯಣಪುರ ಅಣೆಕಟ್ಟು, ಕೆಳಗೆ ಜುರಾಲ. ಇವುಗಳ ನಡುವೆ ಹೊಳೆಯ ಮಟ್ಟವನ್ನು ನಿರ್ಧರಿಸುವುದು ಮಳೆಯೊಂದೇ ಅಲ್ಲ.

ಸೇತುವೆಗಳು ಬರಲಿಲ್ಲವೆಂದಲ್ಲ. ಮುಂಬಯಿ–ಮದ್ರಾಸು ರೈಲು ದಾರಿ ರಾಯಚೂರಿನಲ್ಲಿ 1871ರಲ್ಲಿ ಕೂಡಿತು, ಅದಕ್ಕಾಗಿ ಕೃಷ್ಣೆಗೆ ಸೇತುವೆ ಬಿತ್ತು. ದೇವಸೂಗೂರಿನ ಬಳಿ ನಿಜಾಮರ ಸರ್ಕಾರ 1933ರಲ್ಲಿ ಆರಂಭಿಸಿದ ರಸ್ತೆ ಸೇತುವೆ 1943ರಲ್ಲಿ ಮುಗಿಯಿತು. ದೂರದ ಊರುಗಳಿಗೆ ಹೋಗುವವರಿಗೆ ಹೊಳೆ ಕಿರಿದಾಯಿತು. ನಡುಗಡ್ಡೆಯವರಿಗೆ ಅದು ಅಷ್ಟೇ ಅಗಲ ಉಳಿಯಿತು.

ಅಷ್ಟರಲ್ಲಿ ಗಡಿ ಬಂತು. 1956ಕ್ಕೆ ಮೊದಲು ಕುರುವಪುರವೂ ಎದುರಿನ ಪಂಚದೇವಪಹಾಡವೂ ಹೈದರಾಬಾದ್ ರಾಜ್ಯದವೇ. ಆಮೇಲೆ ನಡುಗಡ್ಡೆ ಮೈಸೂರಿಗೆ, ದಂಡೆ ಆಂಧ್ರಪ್ರದೇಶಕ್ಕೆ. 2014ರಲ್ಲಿ ದಂಡೆ ತೆಲಂಗಾಣವಾಯಿತು, 2019ರಲ್ಲಿ ಮಹಬೂಬನಗರದಿಂದ ಬೇರ್ಪಟ್ಟು ನಾರಾಯಣಪೇಟೆ ಜಿಲ್ಲೆಗೆ ಸೇರಿತು. ನಡುಗಡ್ಡೆಗಳ ಜನ ಮಾತ್ರ ಕಿರಾಣಿಗೆ ಈ ದಂಡೆಗೆ ಬರುವುದನ್ನು ಬಿಡಲಿಲ್ಲ, ಅಂಬಿಗರು ಒಂದೇ ಉಸಿರಿನಲ್ಲಿ ಕನ್ನಡ–ತೆಲುಗು ಆಡುವುದನ್ನೂ ಬಿಡಲಿಲ್ಲ. ಕಷ್ಟ ಇರುವುದು ಲೆಕ್ಕದಲ್ಲಿ: ಎರಡು ರಾಜ್ಯಗಳ ನಡುವಿನ ನೀರಿಗೆ ಯಜಮಾನ ಯಾರು? 2020ರ ಆಗಸ್ಟ್‌ನಲ್ಲಿ, ಹೊಳೆ ತುಂಬಿದ್ದಾಗ, ಪಂಚದೇವಪಹಾಡದ ಹತ್ತಿರ ಹರಿಗೋಲು ಮಗುಚಿ ನಾಲ್ವರು ನೀರುಪಾಲಾದರು. ಅವರು ಸಾಹಸಕ್ಕೆ ಹೋದವರಲ್ಲ, ಮನೆಗೆ ಮರಳುತ್ತಿದ್ದವರು.

ವಚನಕಾರ ಅಂಬಿಗರ ಚೌಡಯ್ಯನ ಹೆಸರಿನಲ್ಲಿ ಜಯಂತಿ ಆಚರಿಸುವ ನಾವು ಇಂದಿನ ಅಂಬಿಗರ ಕಸುಬನ್ನು ದಾಖಲಿಸಿಟ್ಟಿದ್ದು ಕಡಿಮೆ. ರಾಯಚೂರು, ನಾರಾಯಣಪೇಟೆ ಜಿಲ್ಲಾಡಳಿತಗಳಲ್ಲಿ ನನ್ನ ಕೋರಿಕೆ ಇಷ್ಟೇ: ನಡುಗಡ್ಡೆಗಳಿಗೆ ಪಕ್ಕಾ ಸೇತುವೆ ಆಗುವವರೆಗೆ ಎರಡೂ ದಂಡೆಗಳಲ್ಲಿ ಜೀವರಕ್ಷಕ ಜಾಕೆಟ್ ಇಡಲಿ, ನೀರು ಬಿಡುವ ಸುದ್ದಿಯನ್ನು ಅಂಬಿಗರಿಗೆ ಮೊದಲು ಮುಟ್ಟಿಸಲಿ. ಯಾತ್ರೆಗೆ ಹೋಗುವವರೂ ಒಂದು ಮಾತು ನೆನಪಿಡಿ: ಅಂಬಿಗ ಇವತ್ತು ಬೇಡ ಎಂದರೆ ಹಿಂದಿರುಗಿ ಬನ್ನಿ, ದರ್ಶನ ನಾಳೆಯೂ ಆಗುತ್ತದೆ.