ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು (ಎಸ್‌ಡಿಎಂಸಿ) ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮುಖ್ಯವಾಗಿ ಪೋಷಕರಿಂದ ಕೂಡಿದ ಸ್ಥಳೀಯ ಆಡಳಿತ ಸಮಿತಿಯಾಗಿದೆ.

ಹಿನ್ನೆಲೆ

ವಿಜ್ಞಾನಿ ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರ ಸರ್ಕಾರಿ ಆದೇಶದ ಮೂಲಕ ಈ ಸಮಿತಿಗಳು ಜಾರಿಗೆ ಬಂದವು. ಇವು ಹಿಂದಿನ ಗ್ರಾಮ ಶಿಕ್ಷಣ ಸಮಿತಿಗಳ ಸ್ಥಾನವನ್ನು ಪಡೆದವು. ಶಿಕ್ಷಣ ಹಕ್ಕು ಕಾಯ್ದೆ, 2009ರ 21ನೇ ಕಲಮು ಇಂತಹ ಸಮಿತಿಗಳನ್ನು ದೇಶದಾದ್ಯಂತ ಕಡ್ಡಾಯಗೊಳಿಸಿತು. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಕಲಮು ಅನ್ವಯಿಸುವುದಿಲ್ಲ.

ರಚನೆ ಮತ್ತು ಆಯ್ಕೆ

ಸದಸ್ಯರಲ್ಲಿ ಕನಿಷ್ಠ ನಾಲ್ಕನೇ ಮೂರು ಭಾಗ ಪೋಷಕರು ಅಥವಾ ಪಾಲಕರಿರಬೇಕು, ಶೇ. 50ರಷ್ಟು ಮಹಿಳೆಯರಿರಬೇಕು. ಅವಕಾಶವಂಚಿತ ಹಾಗೂ ದುರ್ಬಲ ವರ್ಗಗಳ ಮಕ್ಕಳ ಪೋಷಕರಿಗೆ ಸಂಖ್ಯಾನುಗುಣ ಪ್ರಾತಿನಿಧ್ಯವಿದೆ. ಪೋಷಕ ಸದಸ್ಯರನ್ನು ಪೋಷಕರ ಸಭೆಯಲ್ಲಿ ಆರಿಸಲಾಗುತ್ತದೆ. ಸ್ಥಾನಗಳಿಗಿಂತ ಅಭ್ಯರ್ಥಿಗಳು ಹೆಚ್ಚಿದ್ದು ಒಮ್ಮತ ಮೂಡದಿದ್ದಲ್ಲಿ ಮತದಾನದ ಅಗತ್ಯ ಬೀಳುತ್ತದೆ. ಪೋಷಕರಲ್ಲಿ ಒಬ್ಬರು ಅಧ್ಯಕ್ಷರಾಗುತ್ತಾರೆ. ಮುಖ್ಯೋಪಾಧ್ಯಾಯರು ಸದಸ್ಯ ಕಾರ್ಯದರ್ಶಿಯಾಗಿರುತ್ತಾರೆ.

ಕಾರ್ಯಗಳು

ಶಾಲೆಯ ಕಾರ್ಯನಿರ್ವಹಣೆಯ ಮೇಲ್ವಿಚಾರಣೆ, ಅನುದಾನ ಬಳಕೆಯ ಪರಿಶೀಲನೆ ಮತ್ತು ಶಾಲಾಭಿವೃದ್ಧಿ ಯೋಜನೆಯ ತಯಾರಿಕೆ ಇದರ ಹೊಣೆಗಳು. 22ನೇ ಕಲಮಿನ ಪ್ರಕಾರ ಸರ್ಕಾರ ನೀಡುವ ಅನುದಾನಕ್ಕೆ ಈ ಯೋಜನೆಯೇ ಆಧಾರ. ಆದ್ದರಿಂದ ಸಮಿತಿಯ ಸ್ಥಾನವು ಕೊಠಡಿ, ಶೌಚಾಲಯ, ಕುಡಿಯುವ ನೀರಿನಂತಹ ಅಗತ್ಯಗಳಲ್ಲಿ ಯಾವುದಕ್ಕೆ ಆದ್ಯತೆ ಎಂಬ ನಿರ್ಧಾರದಲ್ಲಿ ಪೋಷಕರಿಗೆ ನೇರ ಪಾತ್ರ ನೀಡುತ್ತದೆ.

ಬೆಂಗಳೂರು ದಂಡು ಪ್ರದೇಶ

ಶಿವಾಜಿನಗರ, ಹಲಸೂರು ಮುಂತಾದೆಡೆ ಸರ್ಕಾರಿ ಶಾಲೆಗಳ ಜೊತೆಗೆ ಅಲ್ಪಸಂಖ್ಯಾತ ಸಂಸ್ಥೆಗಳ ಅನುದಾನಿತ ಶಾಲೆಗಳೂ ಇವೆ. 2012ರ ತಿದ್ದುಪಡಿಯಂತೆ ಅಲ್ಪಸಂಖ್ಯಾತ ಹಾಗೂ ಇತರ ಅನುದಾನಿತ ಶಾಲೆಗಳ ಸಮಿತಿಗಳಿಗೆ ಸಲಹಾಧಿಕಾರ ಮಾತ್ರವಿದೆ. ಹೀಗಾಗಿ ಒಂದೇ ಬೀದಿಯ ಎರಡು ಶಾಲೆಗಳಲ್ಲಿಯೂ ಪೋಷಕರ ಅಧಿಕಾರ ಭಿನ್ನವಾಗಿರಬಹುದು.