ಜಲಾಶಯ ಮತ್ತು ಹಿನ್ನೀರು ಪ್ರದೇಶಗಳಲ್ಲಿ ನೀರಿನ ಮಟ್ಟದ ಏರಿಳಿತ: ದೋಣಿ ಮಾಲೀಕರ ಜವಾಬ್ದಾರಿಗಳು

1. ಪೀಠಿಕೆ

ರಾಜ್ಯದ ಜಲಾಶಯಗಳಲ್ಲಿ, ಅವುಗಳ ಹಿನ್ನೀರಿನಲ್ಲಿ ಹಾಗೂ ಕೆಳಭಾಗದ ನದಿ ಪಾತ್ರಗಳಲ್ಲಿ ಮೀನುಗಾರಿಕೆ, ಜನಸಾಗಾಟ ಮತ್ತು ಪ್ರವಾಸೋದ್ಯಮದ ಉದ್ದೇಶಕ್ಕಾಗಿ ಯಾಂತ್ರಿಕ ದೋಣಿ, ನಾಡದೋಣಿ, ತೆಪ್ಪ ಹಾಗೂ ಹರಿಗೋಲುಗಳನ್ನು ಬಳಸಲಾಗುತ್ತಿದೆ. ದೋಣಿಯ ನೋಂದಣಿ, ತಪಾಸಣೆ ಅಥವಾ ಪರವಾನಗಿಗಾಗಿ ಅರ್ಜಿ ಸಲ್ಲಿಸುವವರು ಕಾಗದ ಪತ್ರಗಳ ಬಗ್ಗೆ ವಹಿಸುವ ಕಾಳಜಿಯನ್ನು ನೀರಿನ ಮಟ್ಟದ ಬಗ್ಗೆಯೂ ವಹಿಸುವುದು ಅವಶ್ಯವಾಗಿರುತ್ತದೆ. ಜಲಾಶಯದ ಮಟ್ಟವನ್ನು ನಿಯಂತ್ರಿಸುವುದು ಅಣೆಕಟ್ಟಿನ ಅಧಿಕಾರಿಗಳ ಕೆಲಸ. ಆದರೆ ದಂಡೆಯಲ್ಲಿ ಕಟ್ಟಿರುವ ದೋಣಿಯನ್ನು ಆ ಮಟ್ಟಕ್ಕೆ ತಕ್ಕಂತೆ ಕಾಯುವುದು ಮಾಲೀಕರ ಕೆಲಸ. ಈ ಕುರಿತು ಅಗತ್ಯ ಮಾಹಿತಿಯನ್ನು ಕೆಳಗೆ ನೀಡಲಾಗಿದೆ.

2. ನೀರಿನ ಮಟ್ಟವನ್ನು ಅರ್ಥೈಸಿಕೊಳ್ಳುವ ಕ್ರಮ

ಪ್ರತಿ ಜಲಾಶಯಕ್ಕೂ ಪೂರ್ಣ ಮಟ್ಟವೊಂದು ನಿಗದಿಯಾಗಿರುತ್ತದೆ. ಆದರೆ ಅಳತೆಯ ಆಧಾರ ಎಲ್ಲೆಡೆ ಒಂದೇ ಆಗಿರುವುದಿಲ್ಲ. ಕೆಲವು ಪ್ರಮುಖ ಜಲಾಶಯಗಳ ಪೂರ್ಣ ಮಟ್ಟ ಈ ಕೆಳಕಂಡಂತಿದೆ:

- ಲಿಂಗನಮಕ್ಕಿ (ಶರಾವತಿ): ಸಮುದ್ರ ಮಟ್ಟದಿಂದ 1819 ಅಡಿ
- ತುಂಗಭದ್ರಾ: ಸಮುದ್ರ ಮಟ್ಟದಿಂದ 1633 ಅಡಿ
- ಕಬಿನಿ: ಸಮುದ್ರ ಮಟ್ಟದಿಂದ 2284 ಅಡಿ
- ಆಲಮಟ್ಟಿ (ಕೃಷ್ಣಾ): ಸಮುದ್ರ ಮಟ್ಟದಿಂದ 519.60 ಮೀಟರ್
- ಕೃಷ್ಣರಾಜಸಾಗರ (ಕಾವೇರಿ): ಸ್ಥಳೀಯ ಮಾಪನದಂತೆ 124.80 ಅಡಿ
- ಭದ್ರಾ: ಸ್ಥಳೀಯ ಮಾಪನದಂತೆ 186 ಅಡಿ

ಆದ್ದರಿಂದ ಮಾಲೀಕರು ತಮ್ಮ ಜಲಾಶಯದ ಪೂರ್ಣ ಮಟ್ಟವನ್ನು ಹಾಗೂ ಆ ಮಟ್ಟದಲ್ಲಿ ನೀರು ತಮ್ಮ ದಂಡೆಯ ಯಾವ ಭಾಗದವರೆಗೆ ಬರುತ್ತದೆ ಎಂಬುದನ್ನು ಸ್ಥಳದಲ್ಲಿ ಗುರುತಿಸಿಟ್ಟುಕೊಳ್ಳತಕ್ಕದ್ದು.

ಒಳಹರಿವು ಮತ್ತು ಹೊರಹರಿವನ್ನು ಕ್ಯೂಸೆಕ್‌ಗಳಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಎಂಬ ಲೆಕ್ಕದಲ್ಲಿ, ಪ್ರಕಟಿಸಲಾಗುತ್ತದೆ. ಸುಮಾರು 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ ಆಗುತ್ತದೆ. ಉದಾಹರಣೆಗೆ, ಒಳಹರಿವು 50,000 ಕ್ಯೂಸೆಕ್ ಹಾಗೂ ಹೊರಹರಿವು 5,000 ಕ್ಯೂಸೆಕ್ ಇದ್ದಲ್ಲಿ, ಒಂದು ದಿನದಲ್ಲಿ ಸುಮಾರು 3.9 ಟಿಎಂಸಿ ನೀರು ಜಲಾಶಯದಲ್ಲಿ ಉಳಿಯುತ್ತದೆ.

ಇದರಿಂದ ಮಟ್ಟ ಎಷ್ಟು ಏರುತ್ತದೆ ಎಂಬುದು ಆ ವೇಳೆಯಲ್ಲಿ ನೀರು ಹರಡಿರುವ ವಿಸ್ತೀರ್ಣವನ್ನು ಅವಲಂಬಿಸಿದೆ. ಒಂದು ಟಿಎಂಸಿ ನೀರು 100 ಚದರ ಕಿ.ಮೀ. ವಿಸ್ತೀರ್ಣದಲ್ಲಿ ಹರಡಿದರೆ ಮಟ್ಟ ಸುಮಾರು 28 ಸೆಂ.ಮೀ. ಏರುತ್ತದೆ; 50 ಚದರ ಕಿ.ಮೀ. ಇದ್ದಲ್ಲಿ ಸುಮಾರು 57 ಸೆಂ.ಮೀ. ಏರುತ್ತದೆ. ಬೇಸಿಗೆಯ ಕೊನೆಗೆ ಜಲಾಶಯ ಕುಗ್ಗಿರುವಾಗ ಬೀಳುವ ಮೊದಲ ಮಳೆಗೆ ಮಟ್ಟವು ಅತಿ ವೇಗವಾಗಿ ಏರಲು ಇದೇ ಕಾರಣ. ಜಲಾಶಯ ಬರಿದಾಗಿದೆ ಎಂದು ದೋಣಿಯನ್ನು ತಗ್ಗಿನಲ್ಲಿ ಬಿಟ್ಟು ಹೋಗುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

3. ಹಿಂದಿನ ಘಟನೆಗಳಿಂದ ತಿಳಿಯುವ ವಿಷಯಗಳು

(ಅ) ತುಂಗಭದ್ರಾ, 2024: ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟ್‌ಗಳ ಪೈಕಿ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಇತರೆ ಗೇಟ್‌ಗಳಿಂದಲೂ ನದಿಗೆ ನೀರು ಬಿಡಬೇಕಾಯಿತು. ಇಂತಹ ಸಂದರ್ಭದಲ್ಲಿ ಪೂರ್ವಸೂಚನೆಗೆ ಕಾಲಾವಕಾಶವೇ ಇರುವುದಿಲ್ಲ. ರಾತ್ರಿ ವೇಳೆ ನದಿಯಂಚಿನಲ್ಲಿ ಸಡಿಲವಾಗಿ ಕಟ್ಟಿದ ಹರಿಗೋಲನ್ನು ಬೆಳಿಗ್ಗೆ ನೋಡಿಕೊಂಡರಾಯಿತು ಎಂಬ ಅಭ್ಯಾಸ ಸರಿಯಲ್ಲ ಎಂಬುದಕ್ಕೆ ಇದು ನಿದರ್ಶನ.

(ಆ) ವಿಜಯವಾಡ, 2024: ಸೆಪ್ಟೆಂಬರ್ 1ರಂದು ಕೃಷ್ಣಾ ನದಿಯಲ್ಲಿ 11 ಲಕ್ಷ ಕ್ಯೂಸೆಕ್‌ಗೂ ಅಧಿಕ ನೀರು ಹರಿಯುತ್ತಿದ್ದಾಗ, ಮೇಲ್ಭಾಗದಲ್ಲಿದ್ದ ಭಾರಿ ದೋಣಿಗಳು ತೇಲಿಬಂದು ಪ್ರಕಾಶಂ ಬ್ಯಾರೇಜಿಗೆ ಬಡಿದವು. ಗೇಟ್‌ಗಳ ಪ್ರತಿಭಾರದ ಕಾಂಕ್ರೀಟ್ ರಚನೆಗಳಿಗೆ ಹಾನಿಯಾಯಿತು. ಸಿಲುಕಿದ ದೋಣಿಗಳನ್ನು ಹೊರತೆಗೆಯಲು ಹಲವು ದಿನಗಳ ಕಾರ್ಯಾಚರಣೆ ನಡೆಸಬೇಕಾಯಿತು. ಕಟ್ಟು ಬಿಚ್ಚಿಹೋದ ದೋಣಿಯಿಂದಾಗುವ ನಷ್ಟವು ಅದರ ಮಾಲೀಕರೊಬ್ಬರಿಗೆ ಸೀಮಿತವಾಗಿರುವುದಿಲ್ಲ. ಅದು ಅಣೆಕಟ್ಟು, ಸೇತುವೆ ಹಾಗೂ ಕೆಳಭಾಗದ ಗ್ರಾಮಗಳಿಗೂ ಅಪಾಯಕಾರಿ.

(ಇ) ಗೋದಾವರಿ, 2019: ಸೆಪ್ಟೆಂಬರ್ 15ರಂದು ಆಂಧ್ರಪ್ರದೇಶದ ದೇವೀಪಟ್ನಂ ಬಳಿ, ನದಿಯಲ್ಲಿ ನೆರೆಯ ಹರಿವು ಇರುವಾಗಲೇ ಸಂಚರಿಸುತ್ತಿದ್ದ ಪ್ರವಾಸಿ ದೋಣಿಯು ಮುಳುಗಿ 40ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಪ್ರವಾಸಿಗರಿಗೆ ಆ ದಿನದ ನೀರಿನ ಸ್ಥಿತಿ ತಿಳಿದಿರುವುದಿಲ್ಲ; ಅವರು ದೋಣಿ ನಡೆಸುವವರನ್ನು ನಂಬಿ ಹತ್ತುತ್ತಾರೆ.

4. ದೋಣಿಯನ್ನು ಕಟ್ಟುವಾಗ ಪಾಲಿಸಬೇಕಾದ ಕ್ರಮಗಳು

(1) ಗಿಡ್ಡ ಹಗ್ಗದಿಂದ ತಗ್ಗಿನ ಗೂಟಕ್ಕೆ ಕಟ್ಟಿದ ದೋಣಿಯು ನೀರು ಏರಿದಂತೆ ಮೇಲೇಳಲಾಗದೆ, ಮುಂಭಾಗ ಕೆಳಕ್ಕೆ ಜಗ್ಗಿ ನೀರು ತುಂಬಿಕೊಳ್ಳುತ್ತದೆ. ಹಗ್ಗ ಅತಿ ಉದ್ದವಾದರೆ ಗಾಳಿಗೆ ತಿರುಗಿ ಬಂಡೆಗೆ ಬಡಿಯುತ್ತದೆ. ಆದ್ದರಿಂದ ಗೂಟವು ಪೂರ್ಣ ಮಟ್ಟದ ಗುರುತಿಗಿಂತ ಮೇಲಿರಬೇಕು. ಮುಂದೆ ಹಾಗೂ ಹಿಂದೆ ಎರಡು ಹಗ್ಗಗಳಿಂದ ಕಟ್ಟಿ, ಮಟ್ಟ ಬದಲಾದಂತೆ ಅವುಗಳನ್ನು ಸರಿಪಡಿಸುತ್ತಿರಬೇಕು.

(2) ಲಂಗರು ಹಾಕಿದ ದೋಣಿಯ ಹಗ್ಗವು ನೀರಿನ ಆಳದ ಹಲವು ಪಟ್ಟು ಉದ್ದವಿರಬೇಕು. 10 ಅಡಿ ಆಳದಲ್ಲಿ 50 ಅಡಿ ಹಗ್ಗ ಬಿಟ್ಟರೆ ಅದು ಐದು ಪಟ್ಟು. ಅದೇ ಸ್ಥಳದಲ್ಲಿ ನೀರು 10 ಅಡಿ ಏರಿದರೆ ಅದೇ ಹಗ್ಗ ಎರಡೂವರೆ ಪಟ್ಟು ಮಾತ್ರ ಆಗುತ್ತದೆ. ಆಗ ಲಂಗರು ಮೇಲಕ್ಕೆ ಎಳೆಯಲ್ಪಟ್ಟು ತಳದಿಂದ ಕಿತ್ತು ಬರುವ ಸಂಭವವಿರುತ್ತದೆ.

(3) ಮರದ ಕೊಂಬೆ, ಸೇತುವೆ ಅಥವಾ ಜೆಟ್ಟಿಯ ತೊಲೆಯ ಅಡಿಯಲ್ಲಿ ದೋಣಿ ನಿಲ್ಲಿಸಬಾರದು. ನೀರು ಏರಿದಾಗ ದೋಣಿ ಅವುಗಳಿಗೆ ಸಿಲುಕಿ ಮುಳುಗುತ್ತದೆ.

(4) ನೀರು ಇಳಿದಾಗ ದಂಡೆಯಲ್ಲಿ ಓರೆಯಾಗಿ ಕುಳಿತ ದೋಣಿಯು, ಮತ್ತೆ ನೀರು ಏರಿದಾಗ ತೇಲುವ ಮೊದಲೇ ತಗ್ಗಿನ ಬದಿಯಿಂದ ನೀರು ತುಂಬಿಕೊಳ್ಳಬಹುದು. ನೀರು ಇಳಿಯುವಾಗಲೂ ದೋಣಿಯನ್ನು ಸ್ಥಳಾಂತರಿಸುತ್ತಿರಬೇಕು.

(5) ಹರಿಗೋಲು, ತೆಪ್ಪ ಹಾಗೂ ಸಣ್ಣ ದೋಣಿಗಳನ್ನು ಮಳೆಗಾಲದಲ್ಲಿ ಬಳಸದೇ ಇರುವಾಗ ಪೂರ್ಣ ಮಟ್ಟದ ಗುರುತಿನಿಂದ ಮೇಲಕ್ಕೆ ಎಳೆದು, ಬೋರಲು ಹಾಕಿ ಕಟ್ಟಿಡುವುದು ಸೂಕ್ತ. ಎಂಜಿನ್ ಮತ್ತು ಇಂಧನವನ್ನು ಬೇರ್ಪಡಿಸಿ ಸುರಕ್ಷಿತ ಸ್ಥಳದಲ್ಲಿಡಬೇಕು.

(6) ಮಾಲೀಕರು ಬೇರೆ ಊರಿನಲ್ಲಿ ವಾಸವಿದ್ದಲ್ಲಿ, ದಂಡೆಯ ಸಮೀಪದಲ್ಲಿರುವ ಒಬ್ಬರಿಗೆ ದೋಣಿಯ ಹೊಣೆ ವಹಿಸಿ, ಹಗ್ಗ ಬದಲಿಸುವ ಅಧಿಕಾರವನ್ನೂ ನೀಡಿರಬೇಕು.

5. ಕಡಿಮೆ ನೀರಿನಲ್ಲಿ ಎಚ್ಚರಿಕೆ

ಶರಾವತಿ ಹಿನ್ನೀರಿನಲ್ಲಿ ಮಟ್ಟ ಕುಸಿದಾಗ, ಮುಳುಗಡೆಯಾದ ಕಾಡಿನ ಮರಗಳ ಬೊಡ್ಡೆಗಳು ನೀರಿನ ಮೇಲ್ಮೈಗೆ ಹತ್ತಿರವಾಗುತ್ತವೆ. ಅಂಬಾರಗೊಡ್ಲು–ಕಳಸವಳ್ಳಿ ಸೇತುವೆಯು 2025ರ ಜುಲೈ 14ರಂದು ಉದ್ಘಾಟನೆಯಾಗುವ ಮೊದಲು, ಸಿಗಂದೂರಿಗೆ ಹೋಗುವ ಲಾಂಚ್‌ನಲ್ಲಿ ವಾಹನ ಸಾಗಾಟವನ್ನು 2023ರ ಜೂನ್‌ನಲ್ಲಿ ನೀರಿನ ಕೊರತೆಯಿಂದಲೇ ನಿಲ್ಲಿಸಬೇಕಾಗಿತ್ತು. ಮಟ್ಟ ಕಡಿಮೆ ಇರುವಾಗ ಹಳೆಯ ಮಾರ್ಗವನ್ನೇ ನಂಬದೆ ಆಳವನ್ನು ಪರಿಶೀಲಿಸಿ ಸಂಚರಿಸಬೇಕು.

6. ಕಾನೂನಿನ ಉಪಬಂಧಗಳು

1917ರ ಒಳನಾಡು ಹಡಗುಗಳ ಅಧಿನಿಯಮದ ಸ್ಥಾನದಲ್ಲಿ ಕೇಂದ್ರದ ಒಳನಾಡು ಹಡಗುಗಳ ಅಧಿನಿಯಮ, 2021 ಜಾರಿಗೆ ಬಂದಿದೆ. ಸದರಿ ಅಧಿನಿಯಮದಂತೆ ಯಾಂತ್ರಿಕ ಹಡಗು ಮತ್ತು ದೋಣಿಗಳಿಗೆ ತಪಾಸಣೆ, ನೋಂದಣಿ, ಅರ್ಹ ಸಿಬ್ಬಂದಿ ಹಾಗೂ ವಿಮೆ ಕುರಿತು ಉಪಬಂಧಗಳಿದ್ದು, ಅಪಘಾತಗಳನ್ನು ವರದಿ ಮಾಡುವ ಹಾಗೂ ಮುಳುಗಿದ ಹಡಗಿನ ಅವಶೇಷಗಳ ಕುರಿತ ಹೊಣೆಗಾರಿಕೆಯನ್ನೂ ನಿಗದಿಪಡಿಸಲಾಗಿದೆ. ಯಾಂತ್ರಿಕವಲ್ಲದ ದೋಣಿಗಳ ಬಗ್ಗೆ ಪ್ರತ್ಯೇಕ ಅಧ್ಯಾಯವಿದೆ. ಅಣೆಕಟ್ಟು ಸುರಕ್ಷತಾ ಅಧಿನಿಯಮ, 2021ರಂತೆ ಅಣೆಕಟ್ಟಿನ ಒಡೆತನ ಹೊಂದಿರುವವರು ತುರ್ತು ಕ್ರಿಯಾ ಯೋಜನೆಯನ್ನು ಸಿದ್ಧಪಡಿಸಬೇಕಾಗಿರುತ್ತದೆ. ಎಚ್ಚರಿಕೆ ನೀಡುವುದು ಅಧಿಕಾರಿಗಳ ಕರ್ತವ್ಯವಾದರೆ, ಅದನ್ನು ತಿಳಿದುಕೊಂಡು ನಡೆಯುವುದು ಮಾಲೀಕರ ಕರ್ತವ್ಯ.

7. ಮಾಹಿತಿ ಪಡೆಯುವ ಮೂಲಗಳು

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಪ್ರಮುಖ ಜಲಾಶಯಗಳ ಮಟ್ಟ, ಒಳಹರಿವು ಮತ್ತು ಹೊರಹರಿವಿನ ವಿವರಗಳನ್ನು ಪ್ರಕಟಿಸುತ್ತದೆ. ಕೇಂದ್ರ ಜಲ ಆಯೋಗವು ಪ್ರವಾಹ ಮುನ್ಸೂಚನೆಯನ್ನೂ, ಭಾರತ ಹವಾಮಾನ ಇಲಾಖೆಯು ಮಳೆಯ ಮುನ್ಸೂಚನೆಯನ್ನೂ ನೀಡುತ್ತವೆ. ದಿನಪತ್ರಿಕೆಯಲ್ಲಿನ ಅಂಕಿಅಂಶವು ಹಿಂದಿನ ದಿನದ್ದಾಗಿರುತ್ತದೆ ಎಂಬುದನ್ನು ಮರೆಯಬಾರದು. ಇದಲ್ಲದೆ, ದಂಡೆಯಲ್ಲಿ ಅಡಿ ಮತ್ತು ಅಂಗುಲದ ಗುರುತು ಮಾಡಿದ ಗೂಟವೊಂದನ್ನು ನೆಟ್ಟು, ಬೆಳಿಗ್ಗೆ ಮತ್ತು ಸಂಜೆ ಮಟ್ಟವನ್ನು ಪುಸ್ತಕದಲ್ಲಿ ಬರೆದಿಡುವುದು ಅತ್ಯಂತ ಸರಳ ಹಾಗೂ ವೆಚ್ಚವಿಲ್ಲದ ಕ್ರಮ. ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿ ಮಳೆಯಾಗುತ್ತಿದ್ದರೆ, ತಮ್ಮ ಊರಿನಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ದೋಣಿ ಕೊಚ್ಚಿಹೋದಲ್ಲಿ ಮೊದಲು ಏನು ಮಾಡಬೇಕು?
ಉತ್ತರ: ಕೂಡಲೇ ಸಮೀಪದ ಪೊಲೀಸ್ ಠಾಣೆಗೆ ಹಾಗೂ ಕೆಳಭಾಗದಲ್ಲಿ ಅಣೆಕಟ್ಟು ಅಥವಾ ಬ್ಯಾರೇಜ್ ಇದ್ದಲ್ಲಿ ಅಲ್ಲಿನ ಎಂಜಿನಿಯರ್‌ಗಳಿಗೆ, ದೋಣಿಯ ಅಳತೆ ಹಾಗೂ ನೋಂದಣಿ ಸಂಖ್ಯೆಯೊಂದಿಗೆ ಮಾಹಿತಿ ನೀಡಬೇಕು. ತುರ್ತು ಸಂದರ್ಭದಲ್ಲಿ 112 ಅಥವಾ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಬಹುದು. ದೋಣಿಯನ್ನು ಹಿಡಿಯಲು ಪ್ರವಾಹಕ್ಕೆ ಇಳಿಯಕೂಡದು.

ಪ್ರಶ್ನೆ: ಅಧಿಕೃತ ನಿಷೇಧ ಆದೇಶ ಬಾರದಿದ್ದಲ್ಲಿ ದೋಣಿ ನಡೆಸಬಹುದೇ?
ಉತ್ತರ: ಆದೇಶ ಇಲ್ಲದಿರುವುದನ್ನೇ ಸುರಕ್ಷತೆಯ ಪ್ರಮಾಣವೆಂದು ಭಾವಿಸಬಾರದು. ಹರಿವು ಹೆಚ್ಚಿರುವುದು ಕಂಡುಬಂದಲ್ಲಿ ಸಂಚಾರವನ್ನು ತಾವಾಗಿಯೇ ಸ್ಥಗಿತಗೊಳಿಸಬೇಕು.

ಪ್ರಶ್ನೆ: ವಿಮಾ ಪರಿಹಾರ ಕೋರಲು ಯಾವ ದಾಖಲೆಗಳು ಉಪಯುಕ್ತ?
ಉತ್ತರ: ಪಾಲಿಸಿಯ ಷರತ್ತುಗಳನ್ನು ಮೊದಲೇ ಓದಿಕೊಳ್ಳಬೇಕು. ನೋಂದಣಿ ಪತ್ರ, ದೋಣಿಯ ಛಾಯಾಚಿತ್ರ, ಪೊಲೀಸ್ ದೂರಿನ ಪ್ರತಿ ಹಾಗೂ ಮೇಲೆ ತಿಳಿಸಿದ ನೀರಿನ ಮಟ್ಟದ ಪುಸ್ತಕವು ಮಾಲೀಕರು ಸೂಕ್ತ ಎಚ್ಚರ ವಹಿಸಿದ್ದರೆಂಬುದನ್ನು ತೋರಿಸಲು ನೆರವಾಗುತ್ತವೆ.

9. ವಿನಂತಿ

ಬಹುಪಾಲು ಮಾಲೀಕರಿಗೆ ದೋಣಿಯೇ ಕುಟುಂಬದ ಜೀವನಾಧಾರವಾಗಿದ್ದು, ಹಲವು ಸಂದರ್ಭಗಳಲ್ಲಿ ಸಾಲ ಪಡೆದು ಖರೀದಿಸಿದ್ದಾಗಿರುತ್ತದೆ. ಒಂದು ರಾತ್ರಿಯ ನಿರ್ಲಕ್ಷ್ಯದಿಂದ ಅದನ್ನು ಕಳೆದುಕೊಳ್ಳುವ ಪರಿಸ್ಥಿತಿ ಬಾರದಿರಲೆಂಬುದೇ ಈ ಮಾಹಿತಿಯ ಉದ್ದೇಶ. ಆದ್ದರಿಂದ ಎಲ್ಲಾ ದೋಣಿ ಮಾಲೀಕರು ಹಾಗೂ ಅರ್ಜಿದಾರರು ಮೇಲ್ಕಂಡ ಕ್ರಮಗಳನ್ನು ಮುಂಗಾರು ಆರಂಭಕ್ಕೆ ಮುನ್ನವೇ ಕೈಗೊಂಡು ಸಹಕರಿಸಬೇಕಾಗಿ ಕೋರಲಾಗಿದೆ.